ಮುಖಚರ್ಯೆಯೂ ಸತ್ಯಾಣುವ್ರತವೂ

ನಾಲಗೆ ಸುಳ್ಳಾಡಿದರೂ ಮುಖ ಸುಳ್ಳಾಡದೆಂಬ ನಂಬಿಕೆ ಬಹಳ ಹಳೆಯದು. ಅದಕ್ಕೆ ವಿಜ್ಞಾನದ ಉಡುಗೆಯನ್ನು ತೊಡಿಸಿ ಮನೆಮನೆಗೆ ತಂದುದು 2009ರಿಂದ 2011ರವರೆಗೆ ಪ್ರಸಾರವಾದ ಅಮೆರಿಕದ ದೂರದರ್ಶನ ಧಾರಾವಾಹಿ ‘ಲೈ ಟು ಮಿ’. ಅದರ ನಾಯಕನು ಹುಬ್ಬಿನ ಕ್ಷಣಮಾತ್ರದ ಕಂಪನದಿಂದಲೇ ಅಪರಾಧಿಯನ್ನು ಗುರುತಿಸುತ್ತಾನೆ. (ಅಪರಾಧಿ ಯಾರೆಂದು ಕಥೆ ಬರೆದವನು ಮೊದಲೇ ನಿಶ್ಚಯಿಸಿರುವುದರಿಂದ ಆತನು ತಪ್ಪುವ ಪ್ರಸಂಗ ವಿರಳ.) ಅದರ ಸಲಹೆಗಾರರಾಗಿದ್ದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಅವರು ಮುಖದ ಸ್ನಾಯುಗಳ ಚಲನೆಯನ್ನು ಒಂದೊಂದಾಗಿ ಗುರುತಿಸುವ ಪದ್ಧತಿಯನ್ನು ಫ್ರೀಸನ್ ಅವರೊಡನೆ 1978ರಲ್ಲಿ ಪ್ರಕಟಿಸಿದವರು.

ಮುಖವು ಭಾವವನ್ನು ತೋರಬಲ್ಲದು. ಅದರ ಕಾರಣವನ್ನು ಹೇಳಲಾರದು. ವೇಮಗಲ್‌ನ ಒಂದು ಮನೆಯಲ್ಲಿ ಒಡವೆಯೊಂದು ಕಾಣೆಯಾಯಿತೆನ್ನಿರಿ. ಎಲ್ಲರ ದೃಷ್ಟಿಯೂ ಹೊಸದಾಗಿ ಬಂದ ಸೊಸೆಯತ್ತ ಹೊರಳುತ್ತದೆ. ಆಕೆಯ ಮುಖ ಬಿಳಿಚಿಕೊಳ್ಳುತ್ತದೆ. ಕದ್ದುದು ಬಯಲಾದೀತೆಂಬ ಭಯವೋ, ಕದಿಯದಿದ್ದರೂ ಯಾರೂ ನಂಬಲಾರರೆಂಬ ಭಯವೋ? ಎರಡರ ಬಣ್ಣವೂ ಒಂದೇ. ಅಂದು ಅಷ್ಟಮಿಯ ಉಪವಾಸವಿದ್ದರಂತೂ ಮುಖ ಬಾಡಿರಲು ಬೇರೆ ಕಾರಣವೇ ಬೇಕಿಲ್ಲ. ಸ್ವತಃ ಎಕ್ಮನ್ ಅವರೇ ಈ ಪ್ರಮಾದಕ್ಕೆ ಷೇಕ್ಸ್‌ಪಿಯರನ ಒಥೆಲೋನ ಹೆಸರನ್ನಿಟ್ಟರು. ನಿರಪರಾಧಿಯಾದ ಪತ್ನಿಯ ಭಯವನ್ನು ಆತನು ಅಪರಾಧದ ಕುರುಹೆಂದೇ ಓದಿದನು. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ವಿದ್ವಾಂಸರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸತ್ಯಾಸತ್ಯಗಳ ಬಗ್ಗೆ ಜನರ ತೀರ್ಪು ನೂರಕ್ಕೆ 54ರಷ್ಟು ಮಾತ್ರ ಸರಿಯಾಗಿತ್ತು. ನಾಣ್ಯ ಚಿಮ್ಮಿದರೂ ಐವತ್ತು ದೊರೆಯುತ್ತದೆ! 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಈ ಧಾರಾವಾಹಿಯನ್ನು ನೋಡಿದವರಿಗೆ ಸುಳ್ಳನ್ನು ಹಿಡಿಯುವ ಶಕ್ತಿ ಹೆಚ್ಚಲಿಲ್ಲ; ಸತ್ಯವಂತರನ್ನೂ ಶಂಕಿಸುವ ಪ್ರವೃತ್ತಿ ಹೆಚ್ಚಿತು.

ಜೈನಾಚಾರ್ಯರಿಗೆ ಈ ಪ್ರಶ್ನೆ ಹೊಸತಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾಗಿ ಸಾಕಾರಮಂತ್ರಭೇದವನ್ನು ಹೇಳಿದೆ. ಅಂಗವಿಕಾರ, ಹುಬ್ಬಿನ ಚಲನೆ ಮೊದಲಾದವುಗಳಿಂದ ಪರರ ಮನೋಗತವನ್ನು ತಿಳಿದುಕೊಂಡು, ಅಸೂಯಾದಿಗಳಿಂದ ಅದನ್ನು ಹೊರಗೆಡಹುವುದೇ ಅದೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿಯು ವಿವರಿಸುತ್ತದೆ. ಓದಿದ್ದು ನಿಜವಾಗಿದ್ದರೂ ವ್ರತಕ್ಕೆ ಕಲೆ ತಗಲಿತೆಂದೇ ಅರ್ಥ. ತಪ್ಪಾಗಿ ಓದಿದರೆ ಕೇಳುವುದೇನು? ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗವನ್ನೂ ಅದೇ ಸೂತ್ರಗ್ರಂಥವು ಸತ್ಯವ್ರತದ ಭಾವನೆಗಳಲ್ಲಿ ಎಣಿಸಿದೆ. ಮುಖದ ಮೇಲೆ ಬೇಗನೆ ಮೂಡುವ ಭಾವಗಳೂ ಇವೇ. ವ್ರತಿಯು ಇವನ್ನು ಮೊದಲು ತನ್ನಲ್ಲಿ ಹುಡುಕಬೇಕು.

ಹಾಗಾದರೆ ಕಳ್ಳನನ್ನು ಹಿಡಿಯುವುದೇ ಬೇಡವೆ? ಬೇಕು, ಆದರೆ ಸಾಕ್ಷ್ಯದಿಂದ. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಸುಳ್ಳುಪತ್ತೆ ಯಂತ್ರ, ಮಂಪರು ಪರೀಕ್ಷೆ ಮತ್ತು ಮಿದುಳಿನ ತರಂಗಗಳ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಬಾರದೆಂದು ತೀರ್ಪಿತ್ತಿತು. ಪೊಲೀಸರೆದುರು ನಿಂತ ಆಪಾದಿತನಿಗೇ ಇಷ್ಟು ರಕ್ಷಣೆಯಿರುವಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆಯ ಮುಖದ ಮೇಲೆ ವಿಚಾರಣೆ ನಡೆಸಲು ಮನೆಯವರಿಗೆ ಅಧಿಕಾರ ಕೊಟ್ಟವರಾರು? ಪೆಟ್ಟಿಗೆಯನ್ನು ಕಡೆಯದಾಗಿ ತೆರೆದವರಾರು, ಬೀಗದ ಕೈ ಯಾರಲ್ಲಿತ್ತು ಎಂದು ಎಲ್ಲರನ್ನೂ ಸಮನಾಗಿ ಕೇಳಲಿ. ಆಕೆಯನ್ನೂ ಕೇಳಲಿ, ಆಕೆ ಉತ್ತರಿಸುವವರೆಗೆ ಕಾಯಲಿ.