ವಾಹನಕ್ಕೊಂದು ವಾಹನ

ನಮ್ಮ ಜಿಲ್ಲೆಯ ವಾಚಕರಲ್ಲಿ ಸುರತ್ಕಲ್ಲಿನ ರೈಲು ನಿಲ್ದಾಣದ ಬಳಿ ಓಡಾಡಿದವರಿಗೆ ಒಂದು ವಿಚಿತ್ರ ನೋಟವು ಪರಿಚಿತವಾಗಿರಬೇಕು. ಸಾಲಾಗಿ ನಿಂತ ತೆರೆದ ಚಪ್ಪಟೆ ಗಾಡಿಗಳ ಮೇಲೆ ಸರಕು ತುಂಬಿದ ಲಾರಿಗಳು ಒಂದರ ಹಿಂದೊಂದು ಏರಿ ನಿಲ್ಲುವುವು. ಚಕ್ರಗಳು ಕದಲದಂತೆ ಅವನ್ನು ಭದ್ರಪಡಿಸುವರು. ಅಷ್ಟಾದ ಮೇಲೆ, ಅದುವರೆಗೂ ಹೆದ್ದಾರಿಯಲ್ಲಿ ಎಲ್ಲರನ್ನೂ ಬೆದರಿಸಿಕೊಂಡು ತಿರುಗಿದ ಆ ಗಾಡಿಗಳು ಸೊಂಟದ ಮೇಲಿನ ಕೂಸಿನಂತೆ ಹೊರಿಸಿಕೊಂಡು ಹೊರಟುಬಿಡುವುವು. ಕೊಂಕಣ ರೈಲ್ವೆಯವರು ಈ ಏರ್ಪಾಡನ್ನು 1999ರಲ್ಲಿ ಮಹಾರಾಷ್ಟ್ರದ ಕೊಲಾಡಿಗೂ ಗೋವೆಯ ವೆರ್ಣಕ್ಕೂ ನಡುವೆ ಆರಂಭಿಸಿ, ತರುವಾಯ ಸುರತ್ಕಲ್ಲಿನವರೆಗೆ ಬೆಳೆಸಿದರು. ಚಾಲಕನೂ ಕ್ಲೀನರನೂ ತಮ್ಮ ಲಾರಿಯ ಮುಂಗೋಣೆಯಲ್ಲಿಯೇ ಕುಳಿತು, ಸುರಂಗಗಳನ್ನೂ ಸೇತುವೆಗಳನ್ನೂ ದಾಟಿ ಹೋಗುವರು.

ಕೆಲವು ವರ್ಷಗಳ ಹಿಂದೆ ಅಲ್ಲಿ ಸರದಿ ಕಾಯುತ್ತಿದ್ದ ಹುಬ್ಬಳ್ಳಿಯ ಕಡೆಯ ಚಾಲಕನೊಬ್ಬನನ್ನು ಮಾತಿಗೆಳೆದೆನು. ರಾತ್ರಿಯೆಲ್ಲಾ ಗಾಡಿ ತಾನಾಗಿಯೇ ಸಾಗುವುದು, ನಿನಗೆ ಸುಖವಾದ ನಿದ್ರೆಯಲ್ಲವೆ ಎಂದು ಕೇಳಿದ್ದಕ್ಕೆ ಆತನು ನಕ್ಕು, “ನಿದ್ದಿ ಬರ್ತದ್ರೀ ಯಜಮಾನ್ರ. ಆದ್ರ ನಿದ್ದ್ಯಾಗೂ ಈ ಬಲಗಾಲು ಬ್ರೇಕ್ ಹುಡುಕ್ತದ ನೋಡ್ರಿ” ಎಂದನು.

ಆ ಮಾತನ್ನು ನಾನು ಮರೆತೇಬಿಟ್ಟಿದ್ದೆನು. 2023ರ ಡಿಸೆಂಬರಿನಲ್ಲಿ, ಭೂಮಿಯ ಆಚೆಯ ಮಗ್ಗುಲಿನಲ್ಲಿ, ನನ್ನ ಬಲಗಾಲೇ ಅದನ್ನು ನೆನಪಿಗೆ ತಂದುಕೊಟ್ಟಿತು.

ಮಗಳೂ ಅಳಿಯನೂ ಅಮೆರಿಕಾದ ವರ್ಜೀನಿಯಾ ಪ್ರಾಂತದಲ್ಲಿರುವರು. ಚಳಿಗಾಲದ ರಜೆಯಲ್ಲಿ ನಮ್ಮಿಬ್ಬರನ್ನೂ ದಕ್ಷಿಣದ ಫ್ಲಾರಿಡಾಕ್ಕೆ ಕರೆದುಕೊಂಡು ಹೋಗಬೇಕೆಂದು ಅವರಿಗೆ ಆಸೆಯಾಯಿತು. ಆ ನಾಡಿನಲ್ಲಿ ಒಂದು ರೈಲುಂಟು. ಪ್ರಯಾಣಿಕರೊಡನೆ ಅವರವರ ಕಾರುಗಳನ್ನೂ ಅದು ಹೊತ್ತುಕೊಂಡು ಹೋಗುವುದು. ಹೆಸರೂ ಆಟೋ ಟ್ರೇನ್ ಎಂದೇ. ವಾಷಿಂಗ್ಟನ್ನಿನ ದಕ್ಷಿಣಕ್ಕಿರುವ ಲಾರ್ಟನ್ ಎಂಬಲ್ಲಿ ಸಂಜೆ 5 ಗಂಟೆಗೆ ಹೊರಟು, ಮಾರನೆಯ ಬೆಳಿಗ್ಗೆ 10ರ ಸುಮಾರಿಗೆ ಫ್ಲಾರಿಡಾದ ಸ್ಯಾನ್‌ಫರ್ಡ್ ಊರನ್ನು ಸೇರುವುದು. ನಡುವಿನ ದೂರ 855 ಮೈಲಿ. ಯೂಜೀನ್ ಗಾರ್‌ಫೀಲ್ಡ್ ಎಂಬವರು ಸ್ವಂತ ಕಂಪೆನಿಯೊಂದನ್ನು ಕಟ್ಟಿ 1971ರ ಡಿಸೆಂಬರಿನಲ್ಲಿ ಇದನ್ನು ಓಡಿಸತೊಡಗಿದರು. ಹತ್ತು ವರ್ಷ ತುಂಬುವ ಮೊದಲೇ ಆ ಕಂಪೆನಿಯು ದಿವಾಳಿಯಾಗಿ, 1981ರಲ್ಲಿ ಗಾಡಿಯೇ ನಿಂತುಹೋಯಿತು. 1983ರಲ್ಲಿ ಆಮ್‌ಟ್ರಾಕ್ ಎಂಬ ರಾಷ್ಟ್ರೀಯ ಸಂಸ್ಥೆಯವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಗಾಡಿಯ ಉದ್ದ ಮುಕ್ಕಾಲು ಮೈಲಿಯಷ್ಟು. ಮುಂದೆ ಎಂಜಿನುಗಳು, ನಡುವೆ ಜನರಿಗಾಗಿ ಎರಡಂತಸ್ತಿನ ಡಬ್ಬಿಗಳು, ಅವುಗಳ ಹಿಂದೆ ಕಾರುಗಳನ್ನು ಅಟ್ಟದ ಮೇಲೆ ಅಟ್ಟವಾಗಿ ಜೋಡಿಸುವ ಮುಚ್ಚಿದ ಪೆಟ್ಟಿಗೆಗಳು. ಚಳಿಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ತಿಂಗಳುಗಟ್ಟಲೆ ದಕ್ಷಿಣದಲ್ಲಿ ನೆಲಸಲು ಹೊರಟ ಮುದುಕ ಮುದುಕಿಯರೇ ನಮ್ಮ ಸುತ್ತ ಹೆಚ್ಚಾಗಿದ್ದರು.

ಮಧ್ಯಾಹ್ನವೇ ಹೋಗಿ ಕಾರನ್ನು ಒಪ್ಪಿಸಬೇಕು. ಅಯಸ್ಕಾಂತದಿಂದ ಅಂಟಿಕೊಳ್ಳುವ ಅಂಕಿಯ ಫಲಕವೊಂದನ್ನು ಅದರ ಮಗ್ಗುಲಿಗೆ ಹಚ್ಚುವರು. ರಾತ್ರಿಗೆ ಬೇಕಾದ ಒಂದು ಕೈಚೀಲವನ್ನಷ್ಟೇ ತೆಗೆದುಕೊಂಡು, ಬೀಗದ ಕೈಯನ್ನು ಕಾರಿನಲ್ಲಿಯೇ ಬಿಟ್ಟು, ನಾವು ಇಳಿದು ನಡೆಯಬೇಕು. ಗುರುತಿಲ್ಲದವನೊಬ್ಬನು ಬಂದು ನಮ್ಮ ಪೀಠದಲ್ಲಿ ಕುಳಿತು ಅದನ್ನು ನಡೆಸಿಕೊಂಡು ಹೋಗುವನು. ಮರುದಿನದವರೆಗೆ ಕಾರಿದ್ದಲ್ಲಿಗೆ ಯಾರೂ ಹೋಗುವಂತಿಲ್ಲ. ಅಳಿಯನು ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಾ ನಿಂತನು. ಅವನನ್ನು ಕಂಡು ನನಗೆ ನಗು ಬಂದಿತು. ಆದರೆ ಮೂವತ್ತು ವರ್ಷ ಚುಕ್ಕಾಣಿಯನ್ನು ಹಿಡಿದು ನಡೆಸಿದವನು ನಾನು. ಅವನ ಸಂಕಟವು ನನಗೆ ಅಪರಿಚಿತವೇನೂ ಅಲ್ಲ.

ಆಗ ಹುಟ್ಟಿದ ಪ್ರಶ್ನೆ ಇದು: ಮನುಷ್ಯನು ತನ್ನ ಕೈಯಲ್ಲಿದ್ದ ಚುಕ್ಕಾಣಿಯನ್ನು ಇನ್ನೊಬ್ಬನಿಗೆ ಕೊಡುವಾಗ ಏನನ್ನು ಕೊಡುತ್ತಾನೆ? ಅಧಿಕಾರವನ್ನು ಮಾತ್ರವೋ, ಹೊಣೆಯನ್ನೂ ಕೂಡವೋ?

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ರೈಲು ಹತ್ತಿದವನಿಗೆ ಕಾರೇಕೆ? ರೈಲಿನಲ್ಲಿ ಕುಳಿತ ಮೇಲೂ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡಿರುವ ಪ್ರಯಾಣಿಕನ ದೃಷ್ಟಾಂತವನ್ನು ರಮಣ ಮಹರ್ಷಿಗಳು ಹೇಳುತ್ತಿದ್ದರಂತೆ. ಈ ಗಾಡಿಯ ಪ್ರಯಾಣಿಕನು ಅವನಿಗಿಂತ ಒಂದು ಮೆಟ್ಟಿಲು ಮೇಲೆ, ಗಂಟನ್ನು ಇಳಿಸಿದ್ದಾನೆ. ಆದರೆ ಅದರ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದಾನೆ! ವೈರಾಗ್ಯದ ಅಳತೆಗೋಲಿನಿಂದ ಇದು ನಗೆಪಾಟಲೇ ಸರಿ. ಗೃಹಸ್ಥನ ಅಳತೆಗೋಲಿನಿಂದ ನೋಡಿದರೆ ಹಾಗೆ ತೋರುವುದಿಲ್ಲ. ನಾಳೆ ಬೇಕಾಗುವ ವಸ್ತುವನ್ನು ಇಂದು ರಾತ್ರಿಯ ಮಟ್ಟಿಗೆ ಕೆಳಗಿಡಬಲ್ಲೆನೆಂಬುದು ನಮ್ಮಂಥವರಿಗೆ ಸಾಧ್ಯವಾಗುವ ತ್ಯಾಗದಲ್ಲಿ ಸಣ್ಣದೇನಲ್ಲ. ಹಾಗಿದ್ದರೂ ನನ್ನ ಮನಸ್ಸಿಗೆ ಒಪ್ಪದ ಅಂಶವೊಂದುಂಟು. ಇಬ್ಬರು ಮುದುಕರ ಹಿಂದೆ ಒಂದೂವರೆ ಟನ್ ತೂಕದ ಲೋಹವನ್ನು ರಾತ್ರಿಯಿಡೀ ಎಳೆಯಬೇಕಾಗಿ ಬಂದದ್ದೇಕೆ? ಇಳಿದ ಊರಿನಲ್ಲಿ ಕಾರಿಲ್ಲದವನಿಗೆ ಕಾಲೇ ಇಲ್ಲದಂತೆ ಆ ಸೀಮೆಯನ್ನು ಕಟ್ಟಿರುವುದರಿಂದ. ಅಂಗಡಿಗೆ ಕಾರು, ಆಸ್ಪತ್ರೆಗೆ ಕಾರು, ನೆರೆಮನೆಯವರನ್ನು ಕಾಣುವುದಕ್ಕೂ ಕಾರು. ಅಲ್ಲಿ ಕಾರು ಅಂಗದಂತಾಗಿದೆ. ಅಂಗವನ್ನು ಮನೆಯಲ್ಲಿ ಬಿಟ್ಟು ಬರುವುದುಂಟೆ? ಈ ದೋಷವನ್ನು ಪ್ರಯಾಣಿಕನ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಂಥ ಗಾಡಿಗಳು ಬೇರೆ ದೇಶಗಳಲ್ಲಿಯೂ ಇದ್ದುವು. ಇಂಗ್ಲೆಂಡಿನಲ್ಲಿ 1955ರಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ಪರ್ತ್ ಊರಿಗೆ ಆರಂಭವಾದ ಈ ಪದ್ಧತಿ ತರುವಾಯ ಕೊನೆಗಂಡಿತು. ಫಿನ್ಲೆಂಡಿನಲ್ಲಿ ಹೆಲ್ಸಿಂಕಿಯಿಂದ ಉತ್ತರದ ಹಿಮದ ಸೀಮೆಗೆ ಹೋಗುವ ರಾತ್ರಿಯ ಗಾಡಿಗಳು ಇಂದಿಗೂ ಕಾರುಗಳನ್ನು ಒಯ್ಯುತ್ತಿವೆ. ನಮ್ಮ ಕೊಂಕಣ ರೈಲ್ವೆಯವರೂ 2025ರ ಗಣೇಶ ಚತುರ್ಥಿಯ ದಿನಗಳಲ್ಲಿ ಕೊಲಾಡಿಗೂ ವೆರ್ಣಕ್ಕೂ ನಡುವೆ ಕಾರುಗಳಿಗೆಂದು ಒಂದು ಗಾಡಿಯನ್ನು ಗೊತ್ತುಮಾಡಿದರು. ಒಮ್ಮೆಗೆ 40 ಕಾರುಗಳು, ಕಾರೊಂದಕ್ಕೆ 7,875 ರೂಪಾಯಿ, ಸಂಜೆ 5ರಿಂದ ಬೆಳಗಿನ 5ರವರೆಗೆ ಪ್ರಯಾಣ. ಆದರೆ ಕಾರಿನೊಳಗೆ ಯಾರೂ ಕೂರಕೂಡದು, ಜೊತೆಗೆ ಜೋಡಿಸಿದ ಡಬ್ಬಿಯಲ್ಲಿಯೇ ಬರಬೇಕು ಎಂದು ನಿಯಮ. ಇದನ್ನು ಓದಿದಾಗ ಸುರತ್ಕಲ್ಲಿನ ಚಾಲಕನು ಕಣ್ಣ ಮುಂದೆ ನಿಂತನು. ತನ್ನದಲ್ಲದ ಲಾರಿಯೊಳಗೆ ಅವನು ಇರುಳನ್ನು ಕಳೆಯಬೇಕು. ತನ್ನದೇ ಆದ ಕಾರಿನಿಂದ ಯಜಮಾನನು ಇಳಿಯಬೇಕು. ಒಡೆತನಕ್ಕೂ ಕಾವಲಿಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕೆ?

ಆಟೋ ಟ್ರೇನಿಗೆ ಹಿಂದಿರುಗೋಣ. ಮಲಗುವ ಕೋಣೆಗಳ ಬೆಲೆ ವಿಪರೀತವಾದುದರಿಂದ ನಾವು ಹಿಂದಕ್ಕೆ ಒರಗುವ ಕುರ್ಚಿಗಳನ್ನೇ ಹಿಡಿದಿದ್ದೆವು. ಮಗಳೂ ಅಳಿಯನೂ ಮುಂದಿನ ಸಾಲಿನಲ್ಲಿ, ನಾನೂ ನನ್ನಾಕೆಯೂ ಹಿಂದಿನದರಲ್ಲಿ. ದೀಪಗಳು ಮಂದವಾದುವು. ಕಣ್ಣು ಮುಚ್ಚಿದೊಡನೆ ನನ್ನ ಬಲಗಾಲು ಮುಂದಿನ ಕುರ್ಚಿಯ ಕೆಳಗೆ ಏನನ್ನೋ ಒತ್ತತೊಡಗಿತು! ಇಲ್ಲದ ಬ್ರೇಕನ್ನು ಹುಡುಕುತ್ತಿದೆಯೆಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ನಿದ್ರೆ ಹಾರಿಹೋಯಿತು.

ನಮ್ಮ ಹಿರಿಯರು ಚುಕ್ಕಾಣಿಯನ್ನು ಬಿಡುವುದಕ್ಕೆ ನಾಚಿದವರಲ್ಲ. ಕಠೋಪನಿಷತ್ತಿನ ರಥದಲ್ಲಿ ಆತ್ಮನು ರಥಿಕ, ಬುದ್ಧಿಯು ಸಾರಥಿ. ಇಬ್ಬರೂ ಬೇರೆ ಬೇರೆ. ಕುರುಕ್ಷೇತ್ರದಲ್ಲಿ ಅರ್ಜುನನಾಗಲಿ ಕರ್ಣನಾಗಲಿ ತಾನೇ ಕಡಿವಾಣವನ್ನು ಹಿಡಿದವನಲ್ಲ. ಉತ್ತರಕುಮಾರನಂತೂ ಸಾರಥಿಯಾಗಿ ಕುಳಿತ ಮೇಲೆಯೇ ಏನಾದರೂ ಕೆಲಸಕ್ಕೆ ಬಂದವನು. ರಥಿಕನೂ ನಾನೇ, ಸಾರಥಿಯೂ ನಾನೇ ಎಂಬ ಗರ್ವವು ಮೋಟಾರಿನೊಡನೆ ಬಂದದ್ದು. ಅದನ್ನು ನಾವು ಸ್ವಾತಂತ್ರ್ಯವೆಂದೂ ಕೆಲವು ವೇಳೆ ಕರ್ತವ್ಯವೆಂದೂ ಕರೆಯುತ್ತೇವೆ. ನಾನೂ ಹಾಗೆಯೇ ಕರೆದವನು.

ನಡುರಾತ್ರಿಯ ಹೊತ್ತಿಗೆ ದಕ್ಷಿಣ ಕೆರೊಲಿನಾದ ಫ್ಲಾರೆನ್ಸ್ ಎಂಬಲ್ಲಿ ಗಾಡಿ ನಿಂತಿತು. ಅಲ್ಲಿ ಪ್ರಯಾಣಿಕರು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಎಂಜಿನಿಗೆ ಎಣ್ಣೆ ತುಂಬುವರು, ನಡೆಸುವವರು ಬದಲಾಗುವರು. ಒಬ್ಬನು ದಣಿದು ಇಳಿದು ಮಲಗಲು ಹೋಗುವನು. ವಿಶ್ರಾಂತಿ ಪಡೆದ ಇನ್ನೊಬ್ಬನು ಏರಿ ಕೂರುವನು. ಅಷ್ಟೇ ಅಲ್ಲ, ಇಂದಿನ ಎಂಜಿನುಗಳಲ್ಲಿ, ನಮ್ಮ ದೇಶದಲ್ಲಿಯೂ ಸಹ, ಎಚ್ಚರ ಕಾಯುವ ಯಂತ್ರವೊಂದುಂಟು. ಚಾಲಕನು ಸ್ವಲ್ಪ ಹೊತ್ತು ಯಾವ ಕೆಲಸವನ್ನೂ ಮಾಡದೆ ಸುಮ್ಮನಿದ್ದರೆ ಅದು ಅವನನ್ನು ಎಚ್ಚರಿಸುವುದು. ಆಗಲೂ ಅವನು ಗುಂಡಿಯನ್ನೊತ್ತಿ ಓಗೊಡದಿದ್ದರೆ ತಾನೇ ಬ್ರೇಕು ಹಾಕಿ ಗಾಡಿಯನ್ನು ನಿಲ್ಲಿಸುವುದು. ನೂರಾರು ಜನರು ಆ ಮನುಷ್ಯನನ್ನು ನಂಬಿ ಮಲಗಿರುವರೆಂದು ನಾವು ಹೇಳುವೆವು. ನಿಜವಾಗಿ ನೋಡಿದರೆ ಅವನನ್ನು ಯಾರೂ ಪೂರ್ತಿಯಾಗಿ ನಂಬಿಲ್ಲ. ಅವನೂ ಮನುಷ್ಯ, ಅವನಿಗೂ ನಿದ್ರೆ ಬರುವುದು ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ಅಪನಂಬಿಕೆಯ ಎಳೆಗಳಿಂದಲೇ ಈ ನಂಬಿಕೆಯನ್ನು ನೇಯ್ದಿದ್ದಾರೆ. ನನ್ನ ಕಾರಿನಲ್ಲಿ ಅಂಥ ಏರ್ಪಾಡೇನಿತ್ತು? ನಾನು ನಿದ್ರಿಸುವವನೇ ಅಲ್ಲವೆಂಬ ಸುಳ್ಳೊಂದೇ ಅದರ ಆಧಾರ.

ಸುಳ್ಳೆಂದು ನನಗೆ ಗೊತ್ತಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ರಾತ್ರಿ ಊರಿಗೆ ಹೊರಟಿದ್ದೆವು. ಹಳೆಯ ಅಂಬಾಸಿಡರ್ ಕಾರು. ಪಕ್ಕದಲ್ಲಿ ಭಾವನವರು, ಹಿಂದೆ ತಾಯಿ, ನನ್ನಾಕೆ, ಇಬ್ಬರು ಮಕ್ಕಳು. ಬೆಳಗ್ಗೆ ಹೊರಟರಾಯಿತೆಂದು ಎಲ್ಲರೂ ಹೇಳಿದ್ದರು, ನಾನು ಕೇಳಲಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ ಹಾಸನದವರೆಗೆ ನೇರವಾದ ದಾರಿ. ಎಲ್ಲರೂ ಮಲಗಿದ್ದರು. ಎಡಚಕ್ರಗಳು ಜಲ್ಲಿಯ ಮೇಲೆ ಕರಕರನೆ ಸದ್ದು ಮಾಡಿದಾಗ ನಾನು ಕಣ್ಣು ತೆರೆದೆನು. ಎದುರಿಗೆ, ಎರಡು ಮಾರು ದೂರವೂ ಇಲ್ಲ, ಸಾಲುಮರದ ಬೊಡ್ಡೆಯು ದೀಪದ ಬೆಳಕಿನಲ್ಲಿ ಬೆಳ್ಳಗೆ ನಿಂತಿತ್ತು. ಹೇಗೆ ತಿರುಗಿಸಿದೆನೋ ಕಾಣೆ. ಸ್ವಲ್ಪ ಮುಂದೆ ನಿಲ್ಲಿಸಿ, ಎಚ್ಚರಗೊಂಡ ಭಾವನವರಿಗೆ, “ಚಕ್ರದಲ್ಲಿ ಗಾಳಿ ಕಡಿಮೆಯಾದಂತಿದೆ, ನೋಡುತ್ತೇನೆ” ಎಂದು ಹೇಳಿ ಇಳಿದೆನು. ಕಾಲುಗಳು ನಡುಗುತ್ತಿದ್ದುವು. ನನ್ನಾಕೆ ಕಿಟಕಿಯಿಂದ ನೀರಿನ ಬಾಟಲಿಯನ್ನು ಕೊಟ್ಟಳು. ಮುಖ ತೊಳೆದುಕೊಂಡು ಮತ್ತೆ ನಾನೇ ನಡೆಸಿದೆನು. ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚುಕ್ಕಾಣಿಯು ನನ್ನ ಕೈ ತಪ್ಪುತ್ತಿತ್ತು. ಹೊಣೆಯೆಂದು ನಾನು ಹಿಡಿದುಕೊಂಡದ್ದು ಅಧಿಕಾರವನ್ನು. ಹೊಣೆಯನ್ನು ಆ ಮರದ ಬುಡದಲ್ಲಿಯೇ ಬಿಟ್ಟು ಬಂದಿದ್ದೆನು.

ಫ್ಲಾರೆನ್ಸಿನಿಂದ ಗಾಡಿ ಹೊರಟಾಗ ಪಕ್ಕದವಳಿಗೆ ಎಚ್ಚರವಾಗಿತ್ತು. ಇಪ್ಪತ್ತೇಳು ವರ್ಷಗಳ ಮೇಲೆ, ಆ ಕತ್ತಲೆಯಲ್ಲಿ, ಮುಂದಿನ ಸಾಲಿನವರಿಗೆ ಕೇಳದಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆನು.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನನಗೆ ಗೊತ್ತಿತ್ತು” ಎಂದಳು. “ಚಕ್ರ ನೋಡಲಿಕ್ಕೆ ಇಳಿದವರು ಚಕ್ರದ ಕಡೆಗೆ ತಿರುಗಿಯೂ ನೋಡಲಿಲ್ಲ.”

“ಮತ್ತೆ ಕೇಳಲಿಲ್ಲವೇಕೆ?”

“ಕೇಳಿದರೆ ನೀವು ಒಪ್ಪುತ್ತಿದ್ದಿರಾ? ಅದಕ್ಕೇ ಅಲ್ಲವೇ, ಆ ಮೇಲೆ ನಾನು ಯಾವಾಗಲೂ ಮುಂದೆಯೇ ಕೂತದ್ದು.”

ಅದು ನಿಜ. ಆ ವರ್ಷದಿಂದೀಚೆಗೆ ರಾತ್ರಿಯ ಪ್ರಯಾಣವೆಂದರೆ ಆಕೆ ಮುಂದಿನ ಪೀಠವನ್ನು ಯಾರಿಗೂ ಬಿಡುತ್ತಿರಲಿಲ್ಲ. ಹಿಂದೆ ಕುಳಿತರೆ ತಲೆ ಸುತ್ತುವುದೆಂದು ಕಾರಣ ಹೇಳುತ್ತಿದ್ದಳು. ದಾರಿಯುದ್ದಕ್ಕೂ ಅಡಕೆಯ ಹೋಳುಗಳನ್ನು ಕೈಗೆ ಕೊಡುತ್ತಾ, ಯಾರ ಮನೆಯ ಸೊಸೆ ಯಾವ ಊರಿನವಳು ಎಂಬಂಥ ತಲೆಬುಡವಿಲ್ಲದ ಮಾತುಗಳನ್ನಾಡುತ್ತಾ ಬರುತ್ತಿದ್ದಳು. ಎಷ್ಟೋ ಸಲ ನಾನು ಬೇಸತ್ತು, ಸ್ವಲ್ಪ ಸುಮ್ಮನಿರಬಾರದೆ ಎಂದು ಗದರಿದ್ದುಂಟು. ಆಗೆಲ್ಲಾ ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಇನ್ನೊಂದು ಮನೆಯ ಸೊಸೆಯನ್ನು ಎತ್ತಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಸ್ಯಾನ್‌ಫರ್ಡಿನಲ್ಲಿ ಇಳಿದು, ಕಾರಿಗಾಗಿ ಕಾಯುವ ಜನರ ನಡುವೆ ನಾವೂ ಕುಳಿತೆವು. ಅಲ್ಲಿ ಒಂದೊಂದಾಗಿ ಅಂಕಿಗಳನ್ನು ಕೂಗುವರು. ಮೊದಲು ಒಪ್ಪಿಸಿದವನಿಗೆ ಮೊದಲು ದೊರೆಯುವುದೆಂಬ ನಿಯಮವಿಲ್ಲ. ಪೆಟ್ಟಿಗೆಗಳು ಬಿಚ್ಚಿಕೊಂಡ ಹಾಗೆ ಕಾರುಗಳು ಬರುವುವು. ಹೆಚ್ಚು ಹಣ ತೆತ್ತ ಕೆಲವರಿಗೆ ಮಾತ್ರ ಮುಂಚಿತವಾಗಿ ಬರುವುದು. ಕಾಯುವುದರಲ್ಲಿಯೂ ಜಾಗವನ್ನು ಕೊಳ್ಳಬಹುದೆಂದು ತಿಳಿದು ಸ್ವಲ್ಪ ಬೇಸರವಾಯಿತು. ಮಿಕ್ಕವರೆಲ್ಲರೂ ಹರಟೆ ಹೊಡೆಯುತ್ತಾ ನೆಮ್ಮದಿಯಾಗಿದ್ದರು. ಒಂದು ಗಂಟೆಯ ತರುವಾಯ ನಮ್ಮ ಅಂಕಿಯನ್ನು ಕೂಗಿದರು. ಗೀರೊಂದೂ ಬೀಳದೆ ಬಂದ ಕಾರನ್ನು ಅಳಿಯನು ಸುತ್ತ ಒಮ್ಮೆ ನೋಡಿ, ತನ್ನ ಪೀಠದಲ್ಲಿ ಕುಳಿತನು. ರಾತ್ರಿ ಅವನಿಗೂ ಸರಿಯಾಗಿ ನಿದ್ರೆ ಬಂದಿರಲಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದುವು.

ಮಗಳು ಮುಂದಿನ ಬಾಗಿಲಿಗೆ ಕೈ ಹಾಕಿದಾಗ, ನಾನು ಅಲ್ಲಿ ಕೂರುತ್ತೇನೆಂದು ಹೇಳಿದೆನು. ನನ್ನಾಕೆ ಹಿಂದೆ ಕುಳಿತವಳು ಐದು ಮೈಲಿ ಸಾಗುವಷ್ಟರಲ್ಲಿ ನಿದ್ರೆ ಹೋದಳು. ನಾನು ಅಳಿಯನ ಪಕ್ಕದಲ್ಲಿ ಕುಳಿತು, ಅವರ ಊರಿನಲ್ಲಿ ಯಾರ ಮನೆಯ ಸೊಸೆ ಯಾವ ಊರಿನವಳೆಂದು ಕೇಳುತ್ತಾ ಹೋದೆನು.