ಹಿಟ್ಟು ನಾದುವ ಕೈ



ಇಟಲಿಯ ದಕ್ಷಿಣಕ್ಕೆ ಬಾರಿ ಎಂಬ ಊರಿದೆ. ಅಲ್ಲಿನ ಹಳೇಪೇಟೆಯ ಓಣಿಗಳಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು, ಹೋಗಿಬರುವವರ ಕಣ್ಣೆದುರೇ ಪಾಸ್ತಾ ಮಾಡಿ ಮಾರುತ್ತಾರೆ. ಗಟ್ಟಿ ಗೋಧಿಯ ರವೆ, ನೀರು, ಅಷ್ಟೇ. ನಾದಿದ ಹಿಟ್ಟನ್ನು ಹಗ್ಗದಂತೆ ಹೊಸೆದು, ಚೂರು ಕತ್ತರಿಸಿ, ಚಾಕುವಿನಿಂದ ಒತ್ತಿ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯಂತಾಗುತ್ತದೆ. ಹೆಸರೂ ಅದೇ: ಒರೆಕ್ಕಿಯೆತ್ತೆ, ಅಂದರೆ ಕಿರುಗಿವಿ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಪಾಯಸಕ್ಕೆ ಗೌಲಿ ಹೊಸೆಯುವುದನ್ನು ಕಂಡವರಿಗೆ ಈ ಕೆಲಸ ಹೊಸದಲ್ಲ.

ಉತ್ತರದ ಬೊಲೋನ್ಯಾದಲ್ಲಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಮರದ ಹಲಗೆಯ ಮೇಲೆ ಉದ್ದನೆಯ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ ಪಟ್ಟಿ ಕೊಯ್ಯುತ್ತಾರೆ. ಬೆಂದ ಪಟ್ಟಿಯ ಅಗಲ 8 ಮಿಲಿಮೀಟರ್ ಎಂದು 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆಯೇ ಮಾಡಿಸಿದ್ದಾರೆ. (ಕನ್ನಡ ಮೇಷ್ಟ್ರಾದ ನನಗೆ ಛಂದಸ್ಸಿನ ಮಾತ್ರೆ ಎಣಿಸಿದ ಹಾಗೆ ಕಂಡಿತು.) ಅದಕ್ಕೆ ಜೊತೆ ರಗೂ: ಕೊಚ್ಚಿದ ದನದ ಮಾಂಸ, ಈರುಳ್ಳಿ, ಕ್ಯಾರೆಟ್, ಸೆಲರಿ, ಟೊಮೆಟೊ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ. ದನದ ಮಾಂಸ ಎನ್ನುವಾಗ ಅಲ್ಲಿ ಯಾರೂ ದನಿ ತಗ್ಗಿಸುವುದಿಲ್ಲ.

ಕೈಯಲ್ಲಿ ಮಾಡಿದ ಪಾಸ್ತಾ ಸ್ವಲ್ಪ ಒರಟು. ಆ ಒರಟಿಗೇ ಸಾಸ್ ಅಂಟಿ ನಿಲ್ಲುತ್ತದೆ. ಒಳ್ಳೆಯ ಕಾರ್ಖಾನೆಗಳು ಕೂಡ ಈ ಒರಟುತನ ಬರಲೆಂದೇ ಕಂಚಿನ ಅಚ್ಚು ಬಳಸುತ್ತವೆ. ಕೈಯಲ್ಲೇ ಮಾಡಿದ್ದು ಎಂದು ಹೋಟೆಲಿನವರು ಹೆಮ್ಮೆಯಿಂದ ಬರೆದು ಹಾಕುತ್ತಾರೆ, ಬೆಲೆಯೂ ಹೆಚ್ಚು.

ನನ್ನ ಪ್ರಶ್ನೆ ಇಲ್ಲಿದೆ. ಕೈ ಮುಟ್ಟಿದ್ದೇ ಅಲ್ಲಿ ಅನ್ನದ ಬೆಲೆ ಏರಿಸುವುದಾದರೆ, ಇಲ್ಲಿ ಅದೇ ಅನ್ನವನ್ನು ಚೆಲ್ಲಿಸುವುದು ಏನು? ದಲಿತ ಹೆಣ್ಣುಮಗಳು ಅಡುಗೆಗೆ ಬಂದಳೆಂದು ಮಕ್ಕಳಿಗೆ ಬಿಸಿಯೂಟ ಬಿಡಿಸಿದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ನಾದುವ ಬೆರಳಿಗೆ ಗೊತ್ತಾಗುವುದು ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ ಎಂಬುದು. ಹಿಟ್ಟಿಗೆ ಅದೂ ಗೊತ್ತಿಲ್ಲ. ಮೈಲಿಗೆ ಹಿಟ್ಟಿನಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ನೋಡುವವನು ಅದನ್ನು ಮನೆಯಿಂದ ತಂದಿರುತ್ತಾನೆ. ಸುತ್ತನಿಪಾತದ ಆಮಗಂಧ ಸುತ್ತ ಇನ್ನೂ ನೇರ: ನಾರುವುದು ಮಾಂಸದೂಟವಲ್ಲ, ಕೊಲೆ, ಕಳವು, ಸುಳ್ಳು, ವಂಚನೆ.

ಹಾಗೆಂದು ಇಟಲಿಯನ್ನು ಸ್ವರ್ಗ ಮಾಡಬೇಕಿಲ್ಲ. ಅಲ್ಲೂ ದಕ್ಷಿಣದ ಬಡವರು ಚೀಸ್ ಕೊಳ್ಳಲಾಗದೆ, ಒಣಗಿದ ಬ್ರೆಡ್ಡಿನ ಪುಡಿ ಹುರಿದು ಪಾಸ್ತಾದ ಮೇಲೆ ಉದುರಿಸಿಕೊಳ್ಳುತ್ತಿದ್ದರು. ಆದರೆ ಅವರ ಮೊಮ್ಮಕ್ಕಳು ಅದನ್ನು ಮುಚ್ಚಿಡಲಿಲ್ಲ. ಇವತ್ತಿಗೂ ಬಡವರ ಚೀಸ್ ಎಂದೇ ಕರೆದು ಬಡಿಸುತ್ತಾರೆ.

ಹೋದ ತಿಂಗಳು ಎಂಟನೇ ತರಗತಿಗೆ ‘ನಮ್ಮ ಮನೆಯ ಭಾನುವಾರದ ಊಟ’ ಎಂದು ಪ್ರಬಂಧ ಕೊಟ್ಟೆ. ನಮ್ಮ ಕೇರಿಯ ಮಕ್ಕಳೆಲ್ಲ ಪಲಾವ್, ಪೂರಿ ಎಂದು ಬರೆದಿದ್ದರು. ಅವರ ಮನೆಗಳಲ್ಲಿ ಭಾನುವಾರ ಏನು ಬೇಯುತ್ತದೆಂದು ನನಗೆ ಗೊತ್ತು, ನಾನೂ ಅದೇ ಕೇರಿಯವನು. ಈ ವಾರ ಅದನ್ನೇ ಮತ್ತೆ ಬರೆಸುತ್ತೇನೆ. ಮೊದಲು ಕರಿಹಲಗೆಯ ಮೇಲೆ ನಮ್ಮ ಮನೆಯದನ್ನು ಬರೆಯುತ್ತೇನೆ.