ನಿರಾಶ್ರಿತರ ಸೇವೆ: ದಾನವೋ, ಕರವೋ?

ಶ್ರಾವಣ ಬಹುಳ ದ್ವಿತೀಯೆಯು ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಮಧ್ಯಾರಾಧನೆಯ ಪುಣ್ಯದಿನ. ಅಂದು ಮಠಮಠಗಳಲ್ಲಿಯೂ ಅನ್ನಸಂತರ್ಪಣೆ ನಡೆಯುತ್ತದೆ. ಆ ಸಂದರ್ಭದಲ್ಲಿ ಗುರುಗಳ ಪೂರ್ವಾಶ್ರಮದ ಒಂದು ಪ್ರಸಂಗವು ಸ್ಮರಣೀಯವಾಗಿದೆ. ಕಡುಬಡತನದಲ್ಲಿದ್ದ ವೇಂಕಟನಾಥಾಚಾರ್ಯರು ಒಂದು ಸಮಾರಂಭಕ್ಕೆ ಹೋದಾಗ, ಅವರ ಯೋಗ್ಯತೆಯನ್ನರಿಯದ ಜನರು ಅವರನ್ನು ಗಂಧ ತೇಯುವ ಕೆಲಸಕ್ಕೆ ಹಚ್ಚಿದರು. ಅಗ್ನಿಸೂಕ್ತವನ್ನು ಪಠಿಸುತ್ತ ತೇಯ್ದ ಆ ಗಂಧವನ್ನು ಲೇಪಿಸಿಕೊಂಡವರ ಮೈಯೆಲ್ಲ ಉರಿದಾಗಲೇ ಅವರ ಮಹಿಮೆ ಎಲ್ಲರಿಗೂ ತಿಳಿಯಿತೆಂದು ಸಂಪ್ರದಾಯಜ್ಞರು ಹೇಳುತ್ತಾರೆ. ಇದನ್ನು ಕೇವಲ ಪವಾಡವೆಂದು ಕೇಳಿ ಮರೆಯಬಾರದು. ಹಸಿದು ಬಾಗಿಲಿಗೆ ಬಂದವನ ಸ್ವರೂಪವು ನಮ್ಮ ಚರ್ಮಚಕ್ಷುಸ್ಸಿಗೆ ಗೋಚರಿಸದೆಂಬುದೇ ಇದರ ಪಾಠ.

2011ರ ಜನಗಣತಿಯಲ್ಲಿ ನಮ್ಮ ದೇಶದ ಸುಮಾರು 17.7 ಲಕ್ಷ ಜನರು ವಸತಿಹೀನರೆಂದು ದಾಖಲಾದರು. ಫೆಬ್ರವರಿ 28ರ ರಾತ್ರಿ ಅವರನ್ನು ಎಣಿಸಲಾಯಿತು. ರಸ್ತೆಯ ಬದಿ, ಮೇಲುಸೇತುವೆಯ ಅಡಿ, ರೈಲ್ವೆ ನಿಲ್ದಾಣ ಇವುಗಳೊಡನೆ ದೇವಾಲಯದ ಬಯಲೂ ಮಂಟಪವೂ ಆ ಗಣತಿಯ ಪಟ್ಟಿಯಲ್ಲಿ ಸೇರಿದ್ದುವು. ಎಂದಮೇಲೆ ಈ ಪ್ರಶ್ನೆಯು ಎಲ್ಲಿಯದೋ ಅಲ್ಲ. ನಮ್ಮ ಹೊಸ್ತಿಲಿನದೇ ಆಗಿದೆ.

“ಅದು ಅವರವರ ಪ್ರಾರಬ್ಧ, ನಾವೇನು ಮಾಡಲಾದೀತು?” ಎಂದು ಕೆಲವು ಆಸ್ತಿಕರು ಹೇಳುವುದುಂಟು. ಕರ್ಮಫಲವುಂಟೆಂಬುದು ನಿರ್ವಿವಾದ. ಆದರೆ ಆ ಫಲವನ್ನು ನೀಡುವವನು ಸ್ವತಂತ್ರನಾದ ಶ್ರೀಹರಿ, ಪರತಂತ್ರರಾದ ನಾವಲ್ಲ. ಒಬ್ಬನ ಪ್ರಾರಬ್ಧವು ಇಂದಿಗೇ ಮುಗಿಯಬಾರದೆಂದು ತೀರ್ಮಾನಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ನಮ್ಮ ಕೈಯಿಂದಲೇ ಅದು ಮುಗಿಯಲೆಂಬುದು ಭಗವಂತನ ಸಂಕಲ್ಪವಾಗಿರಬಾರದೇಕೆ? ಪ್ರಾರಬ್ಧದ ಮಾತು ನಮ್ಮ ಕಷ್ಟವನ್ನು ಸಹಿಸುವುದಕ್ಕಾಗಿಯೇ ಹೊರತು ಪರರ ಕಷ್ಟವನ್ನು ಸಹಿಸಿಕೊಂಡಿರುವುದಕ್ಕಾಗಿ ಅಲ್ಲ.

ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ನಾನಾಜನರ ಶುಶ್ರೂಷೆಯನ್ನು ಕರಕ್ಕೆ ಹೋಲಿಸಿದ್ದಾರೆ. ರಾಜನಿಗೆ ಪ್ರಜೆಗಳು ಕರವನ್ನು ಸಲ್ಲಿಸುವಂತೆ ಜಗದೊಡೆಯನಿಗೆ ನಾವು ಸಲ್ಲಿಸಬೇಕಾದುದು ಜನಸೇವೆ. ದಾನವೆಂದರೆ ದಾತೃವಿಗೆ ಅಹಂಕಾರ ಬರಬಹುದು. ಕರ ಕಟ್ಟಿದವನು ಹೆಮ್ಮೆ ಪಡುವುದೇನು? 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದ ಮೇರೆಗೆ ಕರ್ನಾಟಕದಲ್ಲಿ ಆಸ್ತಿ ತೆರಿಗೆಯೊಡನೆ ಶೇಕಡಾ 3ರ ಭಿಕ್ಷುಕರ ಉಪಕರವನ್ನು ಕಟ್ಟುತ್ತೇವೆ. ಅದಕ್ಕಾಗಿ ಯಾರೂ ತಮ್ಮನ್ನು ದಾನಿಗಳೆಂದು ಕರೆದುಕೊಳ್ಳುವುದಿಲ್ಲ. ಆದರೆ ಆ ಉಪಕರ ಕಟ್ಟಿದೊಡನೆ ಶ್ರೀಹರಿಗೆ ಸಲ್ಲಬೇಕಾದ ಕರವೂ ತೀರಿತೆಂದು ಭಾವಿಸಬಾರದು.

ಅನ್ನದಾನವೊಂದರಿಂದಲೇ ಅದು ತೀರುವುದೆ? ಇಲ್ಲಿ ಸೂಕ್ಷ್ಮವೊಂದಿದೆ. ಕೂಲಿಯನ್ನು ಅರಸುವವನು ಬೆಳಗಿನ ಜಾವವೇ ಕೆಲಸಗಾರರು ಸೇರುವ ವೃತ್ತದಲ್ಲಿ ನಿಲ್ಲಬೇಕು. ಮಧ್ಯಾಹ್ನದ ಪಂಕ್ತಿಗೆ ಕಾದರೆ ಅಂದಿನ ಕೂಲಿ ತಪ್ಪುತ್ತದೆ. ಕೂಲಿಗೆ ಹೋದರೆ ಊಟ ತಪ್ಪುತ್ತದೆ. ಅವನ ಗಂಟನ್ನು ಇರಿಸಲು ಸ್ಥಳವಿಲ್ಲ; ಕಳವಿನ ಭಯದಿಂದ ರಾತ್ರಿ ನಿದ್ರೆಯಿಲ್ಲ; ವಿಳಾಸವಿಲ್ಲದ ಕಾರಣ ಪಡಿತರ ಚೀಟಿ ಪಡೆಯುವುದೂ ದುಸ್ತರ. ಸೂರಿಲ್ಲದವನಿಗೆ ಕೆಲಸ ನಿಲ್ಲದು, ಕೆಲಸವಿಲ್ಲದವನಿಗೆ ಸೂರು ದೊರೆಯದು. ಈ ಚಕ್ರವನ್ನು ಒಂದು ಹೊತ್ತಿನ ಅನ್ನವು ಮುರಿಯಲಾರದು.

ಇದನ್ನರಿತೇ 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ, ಲಕ್ಷ ಜನಸಂಖ್ಯೆಯ ಪಟ್ಟಣಕ್ಕೆ ಕನಿಷ್ಠ 100 ಮಂದಿಗೆ ಸಾಲುವ ಆಶ್ರಯಗೃಹ ಇರಬೇಕೆಂದು ಗೊತ್ತುಪಡಿಸಲಾಗಿತ್ತು. ಹಾಸಿಗೆಯಷ್ಟೇ ಅಲ್ಲದೆ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಕಸುಬಿನ ತರಬೇತಿ ಇವುಗಳೊಡನೆ ನಿವಾಸಿಗಳಿಗೆ ಸಂಬಂಧ ಕಲ್ಪಿಸುವುದೂ ಅದರ ಉದ್ದೇಶವಾಗಿತ್ತು.

ನಮ್ಮಿಂದ ಆಗಬಹುದಾದುದೂ ಉಂಟು. ಮಧ್ಯಾಹ್ನದ ಪ್ರಸಾದದಲ್ಲಿ ಒಂದು ಪಾಲನ್ನು ದುಡಿದು ಬಂದವರಿಗಾಗಿ ಸಂಜೆಗೆ ಇರಿಸಬಹುದು. ಗಂಟು ಕಾಪಾಡಲು ಬೀಗವಿರುವ ಒಂದು ಕಪಾಟನ್ನು ಒದಗಿಸಬಹುದು. ಮಂಟಪದಲ್ಲಿ ಮಲಗಿದವರನ್ನು ಎಬ್ಬಿಸಿ ಕಳುಹಿಸುವ ಮೊದಲು, ಸಮೀಪದ ಆಶ್ರಯಗೃಹದವರೆಗೆ ಜೊತೆಯಲ್ಲಿ ಹೋಗಬಹುದು. ಪಾಕಶಾಲೆಯಲ್ಲಾಗಲಿ ಉತ್ಸವದ ಚಪ್ಪರದಲ್ಲಾಗಲಿ ಕೆಲಸ ಕೊಟ್ಟರೆ ನ್ಯಾಯವಾದ ಕೂಲಿಯನ್ನೂ ಕೊಡಬೇಕು. ಊಟವಿಕ್ಕಿದೆವೆಂದು ಕೂಲಿಯನ್ನು ಕಳೆಯುವುದು ಸೇವೆಯಲ್ಲ. ಗಂಧ ತೇಯಿಸಿದವರ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ.

ಪ್ರತಿ ಜೀವನಲ್ಲಿಯೂ ಬಿಂಬರೂಪಿಯಾಗಿ ಶ್ರೀಹರಿಯು ನೆಲೆಸಿದ್ದಾನೆಂದು ನಿತ್ಯವೂ ಅನುಸಂಧಾನ ಮಾಡುವ ನಾವು, ಮಂಟಪದ ಕಲ್ಲಿನ ಮೇಲೆ ಮಲಗಿದವನನ್ನು ದಾಟಿಕೊಂಡು ಗರ್ಭಗುಡಿಯ ದರ್ಶನಕ್ಕೆ ಧಾವಿಸುವುದು ತರವೆ? ಆಸ್ತಿಕ ಮಹಾಶಯರು ಈ ಆರಾಧನೆಯ ಪರ್ವಕಾಲದಲ್ಲಿ ವಿಚಾರಮಾಡಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥